ಹಾಲಿನ ಪುಸ್ತಕದ ಹಿಂದಿನ ಪುಟ

ಡೊಂಬಿವಲಿಯಿಂದ ದಾದರಿಗೆ ಹೋಗುವ ಮುಂಬೈನ ಫಾಸ್ಟ್ ಲೋಕಲ್‌ನಲ್ಲಿ ಇವತ್ತು ಅಪರೂಪಕ್ಕೆ ಸೀಟು ಸಿಕ್ಕಿತು. ಕೂತವನೇ ಫೋನ್ ತೆಗೆದು ಆನ್‌ಲೈನ್‌ನಲ್ಲಿ ಹಾಕುವ ನನ್ನ ಲೇಖನಗಳಿಗೆ ಜಾಹೀರಾತಿನಿಂದ ಬಂದ ಗಳಿಕೆ ನೋಡಿದೆ. ನಿನ್ನೆಯದು 38 ರೂಪಾಯಿ. ಎರಡು ವಡಾಪಾವ್ ಆಗಬಹುದು, ಚಹಾಕ್ಕೆ ಸಾಲದು.

ಮೊದಲು ಹೀಗಿರಲಿಲ್ಲ. 'ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ' ಅಂತ ತಲೆಬರಹ ಕೊಟ್ಟರೆ ಸಾಕು, ಜನ ಮುಗಿಬೀಳುತ್ತಿದ್ದರು. ಆಮೇಲೆ ಲೇಖನ ಹಾಕುವ ತಾಣದ ನಿಯಮ ಬಿಗಿಯಾಯಿತು. ಆಧಾರವಿಲ್ಲದ ಔಷಧಿ ಮಾತು ಬೇಡ, ಬೇರೆಯವರ ಫೋಟೋ ಬೇಡ, ತಲೆಬರಹ ಒಂದು ಒಳಗೆ ಇನ್ನೊಂದು ಇರಬಾರದು. ನನ್ನ 11 ಲೇಖನಗಳಿಗೆ ಜಾಹೀರಾತು ನಿಂತಿತು. ಸಿಟ್ಟು ಬಂತು. ಹಳೆಯದನ್ನೆಲ್ಲ ತೆಗೆದು ಓದಿದೆ. ನಿಜ ಹೇಳಬೇಕಂದ್ರೆ ನನಗೇ ನಾಚಿಕೆಯಾಯಿತು. ಅಮ್ಮನಿಗೂ ಸಕ್ಕರೆ ಕಾಯಿಲೆ ಇದೆ. ಮಾತ್ರೆ ಬಿಟ್ಟು ರಸ ಕುಡಿ ಅಂತ ಅವಳಿಗೆ ಹೇಳ್ತೀನಾ?

ಈಗ ಮುಂಬೈನ ಮಾಟುಂಗಾ ಬಡಾವಣೆಯ ಬಗ್ಗೆ ಬರೆಯುತ್ತಿದ್ದೇನೆ. 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಬಾಳೆಎಲೆ ಊಟದ ಲೇಖನಕ್ಕೆ ಫೋಟೋ ನಾನೇ ತೆಗೆದೆ, ಅಂಗಿಗೆ ಸಾರು ಚೆಲ್ಲಿಕೊಂಡು. ಮೊದಲ ದಿನ ಬಂದದ್ದು 6 ರೂಪಾಯಿ! ಆದರೆ ಅದು ನಿಂತಿಲ್ಲ, ದಿನಾ ಒಂದಿಷ್ಟು ಬರುತ್ತಲೇ ಇದೆ. ಹಾಗಲಕಾಯಿಯ ಭರಾಟೆ ಮೂರೇ ದಿನಕ್ಕೆ ಮುಗಿಯುತ್ತಿತ್ತು.

ಈ ಗಳಿಕೆಯನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತೇನೆ. ನಿನ್ನೆ ಹೆಂಡತಿ ಎರಡೂ ಕಡೆ ತಿರುಗಿಸಿ ನೋಡಿದಳು.

"ಹಾಲಿನ ಬಾಕಿಯೇ ಜಾಸ್ತಿ ಇದೆಯಲ್ರೀ" ಅಂದಳು.