ತಿಳಿನೀಲಿ ಹಾಳೆ

ಇವತ್ತು ಮೂಲೆ ಅಂಗಡಿಯ ಗಾಜಿಗೆ ತಿಳಿನೀಲಿ ಹಾಳೆ ಅಂಟಿಸಿದ್ದಾರೆ.

ಇಂಗ್ಲೆಂಡಿನಲ್ಲಿರೋ ಗೆಳೆಯರೇ, ಆ ಬಣ್ಣ ಕಂಡರೆ ನಿಂತು ಓದಿ. ಮದ್ಯದ್ದೋ ತಡರಾತ್ರಿ ಸಂಗೀತದ್ದೋ ಲೈಸೆನ್ಸಿಗೆ ಅರ್ಜಿ ಹೋಗಿದೆ ಅಂತ ಅರ್ಥ. ತಕರಾರಿಗೆ 28 ದಿನ ಮಾತ್ರ. ಕೊನೇ ತಾರೀಖು ಅದರಲ್ಲೇ ಇರುತ್ತೆ, ಫೋಟೋ ತೆಗೆದಿಟ್ಟುಕೊಳ್ಳಿ.

ಯಾರೂ ತಕರಾರು ಬರೆಯದಿದ್ದರೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಲೈಸೆನ್ಸ್ ಕೊಡಲೇಬೇಕು, 2003ರ ಲೈಸೆನ್ಸಿಂಗ್ ಕಾಯ್ದೆಯೇ ಹಾಗಿದೆ.

"ಕುಡಿತ ಕೆಟ್ಟದ್ದು", "ಮನೆ ಬೆಲೆ ಇಳಿಯುತ್ತೆ" ಅಂದರೆ ಲೆಕ್ಕಕ್ಕೆ ಬರಲ್ಲ. ನಿಮ್ಮ ಮನೆಯ ಯಾವ ಕೋಣೆಗೆ, ಎಷ್ಟು ಹೊತ್ತಿಗೆ, ಎಂಥಾ ಸದ್ದು ಅಂತ ಬರೆಯಿರಿ. ಷರತ್ತನ್ನೂ ನೀವೇ ಕೇಳಿ: ಹತ್ತರ ಮೇಲೆ ಹಿತ್ತಲ ಬಾಗಿಲು ಮುಚ್ಚಿರಬೇಕು, ಖಾಲಿ ಬಾಟಲಿಗಳನ್ನ ರಾತ್ರಿ ಡಬ್ಬಕ್ಕೆ ಸುರಿಯಬಾರದು.

ಈ ಬಾಟಲಿ ವಿಷಯ ಮಾತ್ರ ಮರೀಬೇಡಿ. ಹಾಡು ನಿಂತ ಮೇಲೆ, ಮಕ್ಕಳು ಆಗಷ್ಟೇ ಮಲಗಿರೋವಾಗ ಬರೋ ಸದ್ದು ಅದು.