ಮೈತ್ರಿಯಿಂದ ಮಾನ್ವಿಗೆ

ಕೇಪ್‌ಟೌನ್, ಮುಂಬೈ, ಗೋವಾ ಹೇಗೆ ಕಳೆದವೋ ನೆನಪಿಲ್ಲ. ಹೊಸಪೇಟೆಯಲ್ಲಿ ರೈಲು ಇಳಿದು ಬಸ್ ಹತ್ತಿದ್ದು ನೆನಪಿದೆ. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ 14 ತಿಂಗಳು ಜನರೇಟರ್ ನೋಡಿಕೊಂಡು ಊರಿಗೆ ಹೊರಟಿದ್ದೆ. ನನ್ನ ಕಾಟನ್ ಅಂಗಿಗಳೆಲ್ಲ ಪೆಟ್ಟಿಗೆ ಸೇರಿ ಹಡಗಿನಲ್ಲಿದ್ದವು, ಮೈಮೇಲೆ ದಪ್ಪ ಪ್ಯಾಂಟು, ಉಣ್ಣೆಯ ಬನಿಯನ್ನು. ಸಿಂಧನೂರು ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಬಸ್ಸಿನ ಮೆಟ್ಟಿಲ ಮೇಲೇ ಕುಸಿದೆ. ಯಾರೋ ಅಜ್ಜಿ ಮಜ್ಜಿಗೆ ಕುಡಿಸಿದರು. ಪೆಟ್ಟಿಗೆ ಕಟ್ಟುವಾಗ ಯಾರಾದರೂ ಒಂದು ಮಾತು ಹೇಳಬಾರದಿತ್ತೇ ಅಂತ ಈಗಲೂ ಸಿಟ್ಟು ಬರುತ್ತೆ. ಹೋಗುವವರಿದ್ದರೆ ಎರಡು ತೆಳು ಅಂಗಿ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಯುಗಾದಿಗೆ ಎರಡು ದಿನ ಇತ್ತು. ಮನೆ ಮುಂದಿನ ಬೇವಿನ ಗಿಡ ಹೂ ಬಿಟ್ಟಿತ್ತು. ಬ್ಯಾಗ್ ಇಳಿಸದೆ ಅದರ ಕೆಳಗೆ ನಿಂತುಬಿಟ್ಟೆ. ಮೈತ್ರಿಯಲ್ಲಿ ಡೀಸೆಲ್ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಅವ್ವ ಮಾಡಿದ ಪುಂಡಿಪಲ್ಯ, ಜೋಳದ ರೊಟ್ಟಿಗೆ ಡಬ್ಬಿಯ ಯಾವ ಊಟವೂ ಸಮ ಅಲ್ಲ ಬಿಡಿ.

ಆ ರಾತ್ರಿ ಮಾಳಿಗೆ ಮೇಲೆ ಟೇಬಲ್ ಫ್ಯಾನ್ ಹಾಕಿಕೊಂಡು ಮಲಗಿದ್ದೆವು. ಕರೆಂಟ್ ಹೋಯಿತು. ಫ್ಯಾನ್ ನಿಂತ ಕೂಡಲೇ ನಾನು ಎದ್ದು, ಕತ್ತಲಲ್ಲಿ ಬೂಟು ಹುಡುಕುತ್ತಾ ಮೆಟ್ಟಿಲಿನ ತನಕ ಓಡಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು.

"ಎಲ್ಲಿಗೆ ಹೊಂಟಿ ತಮ್ಮಾ?"

"ಜನರೇಟರ್ ನಿಂತದ ಬೇ."

ಹೇಳಿದ ಮೇಲೆ ಗೊತ್ತಾಯಿತು, ಇದು ಮಾನ್ವಿ.

ಅವ್ವ ಪಕ್ಕದಲ್ಲಿ ಕೂರಿಸಿಕೊಂಡಳು. "ನಿಂತರ ಏನಾಗ್ತದ ಅಲ್ಲಿ?"

"ಬಿಸಿ ಇರಂಗಿಲ್ಲ. ನೀರಿನ ಪೈಪು ಗಡ್ಡಿ ಕಟ್ತಾವ. 25 ಮಂದಿ ಇದ್ದೆವು."

"ಎರಡು ತಿಂಗಳು ಸೂರ್ಯ ಬರಲಿಲ್ಲ ಅಂದಿದ್ದಿ. ಆವಾಗೂ ನೀನs ನೋಡ್ತಿದ್ದೇನು?"

"ಪಾಳಿ ಮ್ಯಾಲೆ ನೋಡ್ತಿದ್ದೆವು. ಆದ್ರ ನನ್ನ ಪಾಳಿ ಇಲ್ಲದಾಗೂ ನಿದ್ದೆಯಾಗ ಅದರ ಸಪ್ಪಳ ಕೇಳ್ತಿದ್ದೆ. ಸಪ್ಪಳ ಇದ್ರನೇ ನಿದ್ದಿ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾಯಿ ಗೀಯಿ ಸಾಕಿದ್ರೇನು, ಜೊತಿಗೆ?"

"ನಾಯಿ ಒಯ್ಯಂಗಿಲ್ಲ ಬೇ, 1994ರಿಂದ ಬಂದ್ ಮಾಡ್ಯಾರ. ಗಿಡಾನೂ ಇಲ್ಲ. ಕಲ್ಲಿಗೆ ಹತ್ತಿದ ಪಾಚಿ ಅಷ್ಟೇ."

"ಸಣ್ಣ ಹುಡುಗರು?"

"ಇಲ್ಲ."

ಕೆಳಗಿನ ಓಣಿಯಲ್ಲಿ ಸೆಕೆಗೆ ಎದ್ದ ಮಗುವೊಂದು ಅಳುತ್ತಿತ್ತು. ಎಲ್ಲೋ ನಾಯಿ ಬೊಗಳಿತು. ಇಬ್ಬರೂ ಸುಮ್ನೆ ಕೇಳುತ್ತಾ ಕೂತೆವು.

"ಮಲಕೋ. ಇವತ್ತು ನನ್ನ ಪಾಳಿ," ಅಂದಳು ಅವ್ವ. ಬೀಸಣಿಗೆ ತಗೊಂಡು, ಕರೆಂಟ್ ಬರುವ ತನಕ ಬೀಸುತ್ತಲೇ ಇದ್ದಳು.