ಟೋ ಟ್ಯೂಬ್ ಲಾಗ್: ಪ್ಯಾಚ್ ಕೊನೆಗೂ ಹಿಡಿಯಿತು

ಪ್ಯಾಚ್ ಹಿಡಿಯಿತು ಮಾರಾಯ್ರೆ! ಟೋ ಟ್ಯೂಬ್ ಅಂದರೆ ಬೋಟಿನ ಹಿಂದೆ ಹಗ್ಗ ಕಟ್ಟಿ ನೀರಿನ ಮೇಲೆ ಜನರನ್ನು ಎಳೆದುಕೊಂಡು ಹೋಗುವ, ಗಾಳಿ ತುಂಬಿಸುವ ಟ್ಯೂಬ್. ರಾತ್ರಿ ಗಾಳಿ ತುಂಬಿಸಿಟ್ಟದ್ದು ಬೆಳಿಗ್ಗೆಯೂ ಅಷ್ಟೇ ಗಟ್ಟಿ ಉಂಟು. ಮೇಲೆ ಹತ್ತಿ ನಿಂತರೆ ಕಾಲು ಎರಡು ಇಂಚೂ ಒಳಗೆ ಹೋಗುವುದಿಲ್ಲ. ಕಳೆದ ಸೀಸನ್ನಿನಿಂದ ತಲೆ ತಿನ್ನುತ್ತಿದ್ದ ಟ್ಯೂಬ್ ಇದೇ.

ಇಬ್ಬರು ಮಲಗಿಕೊಂಡು ಹೋಗುವ ಚಪ್ಪಟೆ ಡೆಕ್ ಮಾದರಿ, ದಪ್ಪ ನೂಲಿನ (840 ಡೆನಿಯರ್) ನೈಲಾನ್ ಕವರ್, ಒಳಗೆ ಗಾಳಿ ಹಿಡಿಯುವ ಪಿವಿಸಿ ಚೀಲ, ಅಂದರೆ ಬ್ಲಾಡರ್, ಗಾಳಿ ತುಂಬಿಸಲು ಬೋಸ್ಟನ್ ವಾಲ್ವ್. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ನದಿ ಸೇರುವ ಜಾಗ ಗೊತ್ತಲ್ವಾ, ಅಲ್ಲಿ ದಡಕ್ಕೆ ಎಳೆಯುವಾಗ ಮರುವಾಯಿ (ಕಪ್ಪೆಚಿಪ್ಪು) ಕವರನ್ನು ಸೀಳಿ ಬ್ಲಾಡರಿಗೇ ತಾಗಿತ್ತು. ಅಕ್ಕಿಕಾಳಿನಷ್ಟು ತೂತು. ಸೋಪಿನ ನೀರು ಹಾಕಿ ಹುಡುಕುವುದು, ಗುರುತು ಮಾಡುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ಒಂದೇ ಮಾತು, ಬ್ಲಾಡರನ್ನು ಕವರಿನಿಂದ ಹೊರಗೆ ತೆಗೆದಾಗ ಬಿಗಿಯಾಗಿ ಗಾಳಿ ತುಂಬಿಸಬೇಡಿ. ಒತ್ತಡ ತಡೆಯುವುದು ಕವರು. ಅದಿಲ್ಲದಿದ್ದರೆ ಬ್ಲಾಡರಿನ ವೆಲ್ಡಿಂಗೇ ಬಿಟ್ಟುಕೊಳ್ಳುತ್ತದೆ.

ತೂತು ಸಿಕ್ಕಿತು, ಪ್ಯಾಚ್ ಮಾತ್ರ ನಿಲ್ಲಲಿಲ್ಲ. ಟ್ಯೂಬಿನ ಜೊತೆ ಬಂದ ರಿಪೇರಿ ಕಿಟ್ಟಿನ ಗಮ್ ಅದರ ಪುಟ್ಟ ಟ್ಯೂಬಿನೊಳಗೇ ಒಣಗಿ ಕಲ್ಲಾಗಿತ್ತು. ಟ್ಯೂಬ್ ಮಾರಿ ಕಳಿಸಿದವರಿಗೆ ಫೋನ್ ಮಾಡಿದರೆ "ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಾಕಿ ಸಾರ್, ಎಲ್ಲಾ ಒಂದೇ" ಅಂದರು. ಒಂದೇ ಹೇಗಾಗುತ್ತದೆ? ಅದು ರಬ್ಬರಿಗೆ ಮಾಡಿದ್ದು. ಪಿವಿಸಿ ಮೆತ್ತಗಿರಲಿ ಅಂತ ಒಳಗೆ ಸೇರಿಸಿದ ಎಣ್ಣೆಯಂಥ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಗೆ ಬಂದು ಆ ಗಮ್ಮನ್ನು ಮೆತ್ತಗೆ ಮಾಡಿಬಿಡುತ್ತದೆ. ಸಾವಿರಗಟ್ಟಲೆ ದುಡ್ಡು ತೆಗೆದುಕೊಂಡು ಸಾಮಾನು ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು.

ಆಮೇಲೆ ಗಾಳಿ ತುಂಬಿಸುವ ದೋಣಿಗಳಿಗೆ ಬಳಸುವ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಗಮ್ ತರಿಸಿದೆ. ಅದೂ ಅಂಚಿನಿಂದ ಏಳತೊಡಗಿತು. ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಸರಿಯಾಗಿ ಹಿಡಿದ ಗಮ್ ಕೀಳುವಾಗ ನೂಲು ನೂಲಾಗಿ ಎಳೆಯುತ್ತದೆ, ಇಲ್ಲವೇ ಪಿವಿಸಿಯನ್ನೇ ಕಿತ್ತುಕೊಂಡು ಬರುತ್ತದೆ. ಇಲ್ಲಿ ಎರಡೂ ಬದಿ ನುಣ್ಣಗೆ, ಮೇಲೆ ಮಂಜು ಹಿಡಿದಂಥ ಬಿಳಿ ಪೊರೆ.

ಆ ಬಿಳಿ ಪೊರೆಯಲ್ಲೇ ಉತ್ತರ ಇತ್ತು. ಗಮ್ಮನ್ನು ತೆಳ್ಳಗಿಡುವ ಸಾಲ್ವೆಂಟ್ ದ್ರವ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಕಡೆ ಗಾಳಿಯ ತೇವ ಬಂದು ಕೂರುತ್ತದೆ. ಅದರ ಮೇಲೆ ಪ್ಯಾಚ್ ಒತ್ತಿದರೆ ಗಮ್ಮಿಗೂ ಗಮ್ಮಿಗೂ ನಡುವೆ ನೀರು. ಮೇಲಿಂದ ಹಾರ್ಡನರ್ ಬೇರೆ ಗಮ್ಮಿನ ಜೊತೆ ಸೇರುವ ಬದಲು ತೇವದ ಜೊತೆ ಸೇರಿ ಖರ್ಚಾಗುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಬೇಗ ಆರಿ ಇನ್ನೂ ತಣ್ಣಗಾಗುತ್ತದೆ. ಡಬ್ಬಿಯ ಮೇಲೆ ತೇವಾಂಶ 60 ಪರ್ಸೆಂಟಿಗಿಂತ ಕಡಿಮೆ ಇರಲಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನಮ್ಮ ಉಡುಪಿಯ ಜಗಲಿಯಲ್ಲಿ ತೇವಾಂಶ ಅಳೆಯುವ ಮೀಟರ್ ಇಟ್ಟರೆ ಸಂಜೆ ಹೊತ್ತಿಗೂ 84. ಇಲ್ಲಿ ಉಪ್ಪಿನ ಭರಣಿಯೇ ನೀರು ಬಿಡುವಾಗ ಗಮ್ ಹೇಗೆ ಒಣಗಬೇಕು?

ಹಾಗಾಗಿ ಕೆಲಸ ಮಲಗುವ ಕೋಣೆಗೆ ಹೋಯಿತು. ಬ್ಲಾಡರ್, ಪ್ಯಾಚ್ ಎರಡನ್ನೂ ಹಿಂದಿನ ರಾತ್ರಿಯೇ ಒಳಗಿಟ್ಟೆ. ಅಸಿಟೋನಿನಲ್ಲಿ ಒರೆಸುವುದನ್ನು ಮಾತ್ರ ಜಗಲಿಯಲ್ಲೇ ಮುಗಿಸಿದೆ, ಒಲೆ ದೀಪ ಯಾವುದೂ ಹತ್ತಿರ ಇಲ್ಲದ ಕಡೆ. ಏಸಿಯನ್ನು ಡ್ರೈ ಮೋಡಿಗೆ ಹಾಕಿ, ಮೀಟರ್ 52ಕ್ಕೆ ಇಳಿದ ಮೇಲೆ ಮಾಸ್ಕ್ ಹಾಕಿಕೊಂಡು ತೆಳ್ಳಗೆ ಒಂದು ಕೋಟ್. ಅರ್ಧ ಗಂಟೆ ಹೊರಗೆ ಬಂದು ಕೂತೆ, ಆ ವಾಸನೆಯಲ್ಲಿ ಸುಮ್ನೆ ಕೂರಬಾರದು. ಎರಡನೇ ಕೋಟ್ ಬೆರಳಿಗೆ ಜಿಗುಟು ತಾಗುವಷ್ಟು ಆರಿದಾಗ ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಲಟ್ಟಣಿಗೆಯಲ್ಲಿ ಜೋರಾಗಿ ಉಜ್ಜಿದೆ. ಪ್ಯಾಚಿನ ಮೂಲೆಗಳನ್ನು ದುಂಡಗೆ ಕತ್ತರಿಸಿರಬೇಕು, ತೂತಿನ ಸುತ್ತ ಎರಡು ಇಂಚು ಜಾಸ್ತಿಯೇ ಇರಲಿ. ಆಮೇಲೆ ಒಂದು ವಾರ ಮುಟ್ಟಲಿಲ್ಲ. "ಲಟ್ಟಣಿಗೆ ವಾಪಸ್ ತರಬೇಡ ಮಾರಾಯ, ಇನ್ನು ಅದು ನಿನಗೇ ಇರಲಿ" ಅಂದರು ಅಮ್ಮ.

ಈಗ ತಲೆಯಲ್ಲಿ ಓಡುತ್ತಿರುವುದು ಹಗ್ಗ. ಟ್ಯೂಬಿನ ಜೊತೆ ಕೊಟ್ಟದ್ದು ವಾಟರ್ ಸ್ಕೀಯಿಂಗಿನ ಸಪೂರ ಹಗ್ಗ, ಅದನ್ನು ಟ್ಯೂಬಿಗೆ ಕಟ್ಟಲೇಬಾರದು. ಇಬ್ಬರನ್ನು ಎಳೆಯುವ ಹಗ್ಗ 1,077 ಕೆಜಿಯಷ್ಟಾದರೂ ತಡೆಯಬೇಕು, ಉದ್ದ 15ರಿಂದ 20 ಮೀಟರ್. ನೈಲಾನ್ ಮುಳುಗುತ್ತದೆ, ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ತೇಲುವ ಪಾಲಿಪ್ರೊಪಿಲೀನ್ ಬೇಕು, ಒಳಗೆ ಟೊಳ್ಳಿರುವ ಹೆಣಿಗೆಯದ್ದಾದರೆ ತುದಿಯನ್ನು ಅದರೊಳಗೇ ತೂರಿಸಿ ಕುಣಿಕೆ ಮಾಡಬಹುದು, ಗಂಟು ಹಾಕಿ ಹಗ್ಗದ ಬಲ ಕಳೆಯಬೇಕಾಗಿಲ್ಲ. ಮಲ್ಪೆಯ ಬಂದರಿನ ಅಂಗಡಿಗಳಲ್ಲಿ ನೋಡಬೇಕು. ಮೀನುಗಾರರಿಗೆ ಮಾರುವವರು ಹಗ್ಗವನ್ನು ಕೈಯಲ್ಲಿ ಹಿಡಿದೇ ಅದರ ಜಾತಕ ಹೇಳುತ್ತಾರೆ.

ಭಾನುವಾರ ಹೊಳೆಗೆ ಇಳಿಸುತ್ತೇನೆ, ಗಂಟೆಗೆ 25 ಕಿ.ಮೀ. ದಾಟದ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಉಬ್ಬುವುದರಿಂದ ದಡದಲ್ಲಿ ಸ್ವಲ್ಪ ಗಾಳಿ ಬಿಟ್ಟು ನೆರಳಲ್ಲಿ ಇಡಬೇಕು. ಪ್ಯಾಚಿನ ಅಂಚು ಹೇಗಿದೆ ಅಂತ ಫೋಟೋ ಹಾಕುತ್ತೇನೆ. ಮಂಗಳೂರಿನಲ್ಲಿ ಪಿವಿಸಿ ದೋಣಿಯ ಗಮ್ ಸಣ್ಣ ಡಬ್ಬಿಯಲ್ಲಿ ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ನನ್ನ ಹತ್ತಿರ ಒಂದು ಲೀಟರಿನ ಡಬ್ಬಿ ಉಂಟು, ಒಮ್ಮೆ ತೆರೆದ ಮೇಲೆ ಅದು ಜಾಸ್ತಿ ದಿನ ಬಾಳುವುದಿಲ್ಲ. ಹತ್ತಿರದವರು ಯಾರಾದರೂ ಪ್ಯಾಚ್ ಹಾಕುವುದಿದ್ದರೆ ಬಂದು ತೆಗೆದುಕೊಂಡು ಹೋಗಿ.